ಕರೆಂಟು ಹೇಳಿ ಹೋಗುವುದಿಲ್ಲ

ಮಳೆಗಾಲದಲ್ಲಿ ಕಬಕದಂಥ ಊರಿನಲ್ಲಿ ಕರೆಂಟು ಯಾರಿಗೂ ಹೇಳಿ ಹೋಗುವುದಿಲ್ಲ. ಗಾಳಿ ಬೀಸಿದರೆ ಹೋಗುತ್ತದೆ, ರಬ್ಬರ್ ಮರದ ಗೆಲ್ಲು ತಂತಿಗೆ ತಾಗಿದರೆ ಹೋಗುತ್ತದೆ, ಕೆಲವೊಮ್ಮೆ ಗಾಳಿಯೂ ಇಲ್ಲದೆ ಮಳೆಯೂ ಇಲ್ಲದೆ ಹೋಗುತ್ತದೆ. ಬರುವಾಗಲೂ ಅಷ್ಟೇ, ಅದರ ಇಷ್ಟ. ಇಂಥ ಊರಿನವರ ಮೊಬೈಲಿಗೆ 2022ರಲ್ಲಿ ಇಂಗ್ಲಿಷಿನ ಒಂದು ಸಂದೇಶ ಬರತೊಡಗಿತು. ಕಳೆದ ತಿಂಗಳ ಬಿಲ್ಲು ಲೆಕ್ಕಕ್ಕೆ ಸೇರಿಲ್ಲ, ಆದ್ದರಿಂದ ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ವಿದ್ಯುತ್ ಸಂಪರ್ಕ ಕಡಿಯಲಾಗುವುದು, ಕೂಡಲೇ ನಮ್ಮ ಅಧಿಕಾರಿಗೆ ಈ ಸಂಖ್ಯೆಯಲ್ಲಿ ಫೋನು ಮಾಡಿ ಎಂಬುದು ಅದರ ಸಾರ. ದೇಶದ ಉದ್ದಗಲಕ್ಕೂ ಹೋದ ಸಂದೇಶ ಅದು. ಎಲ್ಲಿಯೋ ಕುಳಿತವನು ಕಳಿಸಿದ್ದು; ನಮ್ಮ ಮಳೆಯ ಪರಿಚಯ ಅವನಿಗೆ ಇರಲಿಲ್ಲ.

ಹೆದ್ದಾರಿಯಿಂದ ವಿಟ್ಲದ ರಸ್ತೆ ಕವಲೊಡೆಯುವಲ್ಲಿ ಚಾ ಕುಡಿಯುತ್ತಿದ್ದವರೊಬ್ಬರು ಅದನ್ನು ಗಟ್ಟಿಯಾಗಿ ಓದಿಸಿಕೊಂಡು, "ನಮ್ಮಲ್ಲಿ ಕರೆಂಟು ಹೇಳಿ ಹೋಗುವುದು ಉಂಟಾ ಮಾರಾಯ್ರೆ? ಗಂಟೆ ಸಹ ಹೇಳಿದ್ದಾರೆ ಅಂದ ಮೇಲೆ ಇದು ಕಳ್ಳರದ್ದೇ" ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕವರಲ್ಲೇ ಒಬ್ಬರು ಕೆಲವು ದಿನಗಳ ಮೇಲೆ ಅಂಥದೇ ಸಂದೇಶದ ಸಂಖ್ಯೆಗೆ ಫೋನು ಮಾಡಿದರು ಎಂದು ಆಮೇಲೆ ಗೊತ್ತಾಯಿತು. ಅಂದು ಅವರ ಮನೆಯಲ್ಲಿ ಮಗಳ ಬಾಣಂತನ. ಹನ್ನೆರಡು ದಿನದ ಮಗು. ರಾತ್ರಿ ಎಂಟು ಗಂಟೆಗೆ ಸಂದೇಶ ಬಂತು. ಚಾದಂಗಡಿಯಲ್ಲಿ ಹತ್ತು ಜನರ ನಡುವೆ ಹಗಲು ಹೊತ್ತು ಹೊಳೆದ ಮಾತು, ಒಬ್ಬರೇ ಜಗಲಿಯಲ್ಲಿ ನಿಂತಿದ್ದ ರಾತ್ರಿ ಹೊಳೆಯಲಿಲ್ಲ. "ಹತ್ತು ರೂಪಾಯಿ ಕಟ್ಟಿದರೆ ಸಾಕು ಸರ್, ಸರಿ ಮಾಡಿಕೊಡುತ್ತೇವೆ" ಎಂದನಂತೆ ಆ ಕಡೆಯವನು. ಅದಕ್ಕಾಗಿ ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದ. ನಮ್ಮ ಫೋನಿನ ಪರದೆಯನ್ನು ದೂರದಲ್ಲಿ ಕುಳಿತವನಿಗೆ ಕಾಣಿಸುವ ಆ್ಯಪ್ ಅದು. ಇವರು ಹತ್ತು ರೂಪಾಯಿಗೆಂದು ಒತ್ತಿದ ಗುಪ್ತ ಸಂಖ್ಯೆಗಳೆಲ್ಲ ಅವನಿಗೆ ಕಂಡವು. ಹತ್ತರ ಹಿಂದೆ ಹತ್ತೊಂಬತ್ತು ಸಾವಿರ ಹೋಯಿತು.

ಆ ದಿನದಿಂದ ನನಗೊಂದು ಕುತೂಹಲ ಹತ್ತಿಕೊಂಡಿತು. ಮೋಸ ಮಾಡುವವನ ಬುದ್ಧಿಯ ಬಗ್ಗೆ ಅಲ್ಲ. ಅದರ ಬಗ್ಗೆ ಪೊಲೀಸರು ಯೋಚಿಸಲಿ. ಹಗಲು ನಕ್ಕ ಮನುಷ್ಯ ರಾತ್ರಿ ಯಾಕೆ ನಂಬಿದ ಎಂಬುದರ ಬಗ್ಗೆ.

ಈ ಬಗೆಯ ಮೋಸಕ್ಕೆ ಇಂಗ್ಲಿಷಿನಲ್ಲಿ ಫಿಶಿಂಗ್ ಎನ್ನುತ್ತಾರೆ. ಉಚ್ಚಾರ ಮೀನು ಹಿಡಿಯುವುದರದ್ದೇ, ಬರೆಯುವಾಗ ಮೊದಲಿನ ಅಕ್ಷರ ಬೇರೆ. 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಹುಟ್ಟಿದ ಪದ. ಎಒಎಲ್ ಎಂಬ ಅಂತರ್ಜಾಲ ಕಂಪನಿಯ ಗ್ರಾಹಕರಿಗೆ ಅದೇ ಕಂಪನಿಯ ನೌಕರರಂತೆ ಪತ್ರ ಬರೆದು ಪಾಸ್‌ವರ್ಡ್ ಕೇಳುತ್ತಿದ್ದ ಹುಡುಗರ ಆಟದಿಂದ ಬಂತು. ಕನ್ನಡದಲ್ಲಿ ಗಾಳ ಎಂದರೆ ಸಾಕು. ಆದರೆ ನಮ್ಮ ಕಡೆಯ ಮೀನು ಹಿಡಿಯುವ ಕ್ರಮ ನೋಡಿದವರಿಗೆ ಇನ್ನೂ ಒಳ್ಳೆಯ ಹೋಲಿಕೆ ಸಿಗುತ್ತದೆ. ಮೊದಲ ಮಳೆಗೆ ತೋಡು ತುಂಬಿದಾಗ ಹೊಳೆಯ ಮೀನು ನೀರಿಗೆದುರಾಗಿ ಗದ್ದೆಯತ್ತ ಹತ್ತುತ್ತದೆ. ಆಗ ಗಾಳವೂ ಬೇಡ, ಎರೆಹುಳವೂ ಬೇಡ. ಮೀನು ಯಾವ ಹೊತ್ತಿಗೆ ಎಲ್ಲಿ ಹತ್ತುತ್ತದೆ ಎಂದು ಗೊತ್ತಿದ್ದವನು ಅಲ್ಲಿ ಹೋಗಿ ನಿಂತರೆ ಸಾಕು. ಇಂದಿನ ಮೋಸಗಾರನೂ ಹಾಗೆ, ನಾವು ಹತ್ತುವ ಹೊತ್ತಿಗೆ ಬಂದು ನಿಲ್ಲುತ್ತಾನೆ. ಆದಾಯ ತೆರಿಗೆ ತುಂಬುವ ತಿಂಗಳಲ್ಲಿ ಮರುಪಾವತಿಯ ಸಂದೇಶ. ಕಿಸಾನ್ ಸಮ್ಮಾನದ ಎರಡು ಸಾವಿರದ ಕಂತು ಬರುವ ಹೊತ್ತಿಗೆ ಆ ಯೋಜನೆಯದೇ ಹೆಸರಿನ ಒಂದು ನಕಲಿ ಆ್ಯಪ್, ಅದೂ ಊರಿನ ವಾಟ್ಸಾಪ್ ಗುಂಪಿನಲ್ಲಿ. ನವೆಂಬರಿನಲ್ಲಿ ಪಿಂಚಣಿದಾರರು ಜೀವನ ಪ್ರಮಾಣ ಪತ್ರ ಕೊಡಬೇಕು, ಆಗ ಅವರಿಗೊಂದು ಕರೆ. ಪೇಟೆಗೆ ಹೆಲ್ಮೆಟ್ ಇಲ್ಲದೆ ಹೋಗಿ ಬಂದವನಿಗೆ ದಂಡದ ಚೀಟಿ. ಲಕ್ಷ ಜನರಿಗೆ ಕಳಿಸಿದರೆ ಅದರಲ್ಲಿ ಕೆಲವರಾದರೂ ಅದನ್ನೇ ಕಾಯುತ್ತಿರುತ್ತಾರೆ. ಕಾಯುತ್ತಿದ್ದವನಿಗೆ ಬಂದದ್ದು ಸುಳ್ಳು ಎಂದು ತೋರುವುದಿಲ್ಲ. ಕೊನೆಗೂ ಬಂತಲ್ಲ ಎಂದು ಸಮಾಧಾನವಾಗುತ್ತದೆ.

ಮೋಸಹೋದವರನ್ನು ದಡ್ಡರೆಂದು ಕರೆಯುವುದು ಸುಲಭ. ನಮ್ಮ ಅಡಿಕೆ ಬೆಳೆಗಾರನನ್ನು ನೋಡಿ. ಚಾಲಿಯ ಗೋಣಿ ಬಿಚ್ಚಿ ಒಂದು ಹಿಡಿ ಅಡಿಕೆ ಕೈಗೆ ತೆಗೆದುಕೊಂಡರೆ, ಯಾವುದು ಪಟೋರ, ಯಾವುದು ಕರಿಗೋಟು ಎಂದು ಕಣ್ಣುಮುಚ್ಚಿ ಹೇಳಿಯಾನು. ಮೇಲಿನಿಂದ ಚೆನ್ನಾಗಿ ಕಂಡರೂ ನಂಬುವುದಿಲ್ಲ, ಕತ್ತರಿಸಿ ಒಳಗೆ ನೋಡುತ್ತಾನೆ. ವ್ಯಾಪಾರಿ ಹೇಳಿದ ಧಾರಣೆಯನ್ನು ನಾಲ್ಕು ಕಡೆ ವಿಚಾರಿಸುತ್ತಾನೆ. ಅದೇ ಮನುಷ್ಯ ಫೋನಿನಲ್ಲಿ ಬಂದ ಲಿಂಕನ್ನು ಕತ್ತರಿಸದೆ ನುಂಗುತ್ತಾನೆ. ಬುದ್ಧಿ ಕಡಿಮೆಯಾಗಿ ಅಲ್ಲ. ಅಡಿಕೆಯಲ್ಲಿ ಅವನಿಗೆ ನಲವತ್ತು ವರ್ಷದ ಅಭ್ಯಾಸ. ತಪ್ಪಿದಾಗಲೆಲ್ಲ ಅಂದೇ ಗೊತ್ತಾಗಿದೆ. ಫೋನು ಕೈಗೆ ಬಂದು ಹತ್ತು ವರ್ಷವಾಗಿರಬಹುದು, ಅದರೊಳಗೆ ಕತ್ತರಿಸಿ ನೋಡುವುದು ಹೇಗೆ ಎಂದು ಅವನಿಗೆ ಯಾರೂ ತೋರಿಸಲಿಲ್ಲ.

ತೋರಿಸಿದವರಾದರೂ ನೋಡುತ್ತಾರೆಯೇ? 2006ರಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ಮೂವರು ಸಂಶೋಧಕರು ಇದನ್ನು ಪರೀಕ್ಷಿಸಿದರು. 22 ಮಂದಿಯನ್ನು ಕೂರಿಸಿ, ಅಸಲಿ ನಕಲಿ ಸೇರಿದ ಜಾಲತಾಣಗಳನ್ನು ತೋರಿಸಿ, ಯಾವುದು ಯಾವುದೆಂದು ಹೇಳಲು ಕೇಳಿದರು. ಇದು ಪರೀಕ್ಷೆ, ಇದರಲ್ಲಿ ನಕಲಿ ಇದೆ ಎಂದು ಮೊದಲೇ ಹೇಳಿಯೂ ಇದ್ದರು. ಅದರಲ್ಲಿ ಒಂದು ಬ್ಯಾಂಕಿನ ನಕಲಿ ತಾಣದ ಹೆಸರಿನಲ್ಲಿ ಡಬ್ಲ್ಯು ಅಕ್ಷರದ ಬದಲು ಎರಡು ವಿ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟಿದ್ದರು. ನಾವು ಕನ್ನಡಕವಿಲ್ಲದೆ 'ಥ' ಮತ್ತು 'ಧ' ಓದಿದಂತೆ. 22 ಮಂದಿಯಲ್ಲಿ 20 ಮಂದಿ ಅದನ್ನು ಅಸಲಿ ಎಂದರು. ನೂರಕ್ಕೆ 23 ಮಂದಿ ತಾಣದ ವಿಳಾಸವಿರುವ ಮೇಲಿನ ಪಟ್ಟಿಯತ್ತ ಕಣ್ಣು ಹಾಯಿಸಲೇ ಇಲ್ಲ. ಓದಿದವರು, ಓದದವರು, ಮುದುಕರು, ಹರೆಯದವರು ಎಂಬ ಭೇದವೂ ಅದರಲ್ಲಿ ಕಾಣಲಿಲ್ಲ.

ಅದೇ ದೇಶದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ವಿದ್ಯಾರ್ಥಿಗಳಿಗೆ ಒಂದು ಲಿಂಕ್ ಇರುವ ಪತ್ರ ಕಳಿಸಿದರು. ಗೊತ್ತಿಲ್ಲದವರ ಹೆಸರಿನಲ್ಲಿ ಬಂದಾಗ ನೂರಕ್ಕೆ 16 ಮಂದಿ ತಮ್ಮ ಪಾಸ್‌ವರ್ಡ್ ಕೊಟ್ಟರು. ಗೆಳೆಯರ ಹೆಸರಿನಲ್ಲಿ ಬಂದಾಗ 72 ಮಂದಿ. ಇವರೆಲ್ಲ ಕಂಪ್ಯೂಟರಿನ ಜತೆಗೇ ಬೆಳೆದ ಹುಡುಗರು. ಎಂದಮೇಲೆ ಕಬಕದ ಹಿರಿಯರೊಬ್ಬರು ಊರಿನ ಗುಂಪಿನಲ್ಲಿ ಪರಿಚಯದವರ ಹೆಸರಿನಿಂದಲೇ ಬಂದ ಆ್ಯಪನ್ನು ಒತ್ತಿದರೆ ಆಶ್ಚರ್ಯವೇನು? ಕಳಿಸಿದ್ದು ಆ ಪರಿಚಯದವರಲ್ಲ, ಅವರ ಫೋನಿನೊಳಗೆ ಹೊಕ್ಕಿದ್ದ ಕಳ್ಳ ಎಂಬುದು ಒತ್ತಿದ ಮೇಲೆ ಗೊತ್ತಾಗುವ ಸಂಗತಿ.

ನಂಬಿಕೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹಳೆಯ ಚರಿತ್ರೆ ಇದೆ. ಬ್ಯಾಂಕುಗಳ ತೊಟ್ಟಿಲು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಹಳೆಯ ಅವಿಭಜಿತ ಜಿಲ್ಲೆಯಲ್ಲಿ 1906ರಲ್ಲೇ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಹುಟ್ಟಿದವು; 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬ್ಯಾಂಕಿನ ಏಜೆಂಟನೇ ಬಂದು ಹಣ ಸಂಗ್ರಹಿಸುವ ವ್ಯವಸ್ಥೆ. ನನ್ನ ಪ್ರಾಯದವರಿಗೆ ಬ್ಯಾಂಕ್ ಎಂದರೆ ಕಟ್ಟಡವಲ್ಲ, ಬಗಲಲ್ಲಿ ಚೀಲ ಹಾಕಿಕೊಂಡು ಸಂಜೆ ಹೊತ್ತು ಬರುತ್ತಿದ್ದ ಒಬ್ಬ ಮನುಷ್ಯ. ಅವನ ತಂದೆ ಯಾರು, ತಂಗಿಯನ್ನು ಯಾವ ಊರಿಗೆ ಕೊಟ್ಟದ್ದು ಎಂದು ನಮಗೆ ಗೊತ್ತಿತ್ತು. ಒಂದು ದಿನ ಬಾರದಿದ್ದರೆ ಜ್ವರವೋ ಏನೋ ಎಂದು ವಿಚಾರಿಸುತ್ತಿದ್ದೆವು.

"ನಾನು ಬ್ಯಾಂಕಿನಿಂದ ಮಾತಾಡುವುದು" ಎಂಬ ಒಂದು ವಾಕ್ಯಕ್ಕೆ ಇಲ್ಲಿ ಇಷ್ಟು ಬೆಲೆ ಬಂದದ್ದು ಹೀಗೆ. ಮೂರು ತಲೆಮಾರು ಮನೆ ಮನೆ ಅಲೆದವರು ಗಳಿಸಿಟ್ಟ ಬೆಲೆ. ಅದನ್ನು ಈಗ ಗುರುತಿಲ್ಲದವನು ಒಂದು ಕರೆಯಲ್ಲಿ ಖರ್ಚು ಮಾಡುತ್ತಾನೆ.

ಆಮೇಲೆ ಬ್ಯಾಂಕುಗಳ ವಿಲೀನ ಬಂತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ನಮ್ಮಲ್ಲಿ ಎಷ್ಟೋ ಮನೆಯವರ ಪಾಸ್‌ಪುಸ್ತಕ, ಚೆಕ್‌ಪುಸ್ತಕ, ಶಾಖೆಯ ಸಂಕೇತ ಸಂಖ್ಯೆ, ಫೋನಿನ ಆ್ಯಪ್ ಎಲ್ಲ ಬದಲಾಯಿತು. ಬದಲಾಯಿಸಿಕೊಳ್ಳಿ ಎಂಬ ನಿಜವಾದ ಸಂದೇಶಗಳು ಬಂದವು. ಅವುಗಳ ನಡುವೆ ಸುಳ್ಳಿನವೂ ಬಂದರೆ ಬೇರ್ಪಡಿಸುವವರು ಯಾರು? ಸಂದೇಶ ಬಂದರೆ ಹೇಳಿದಂತೆ ಮಾಡಬೇಕು ಎಂದು ಜನರಿಗೆ ಅಭ್ಯಾಸ ಮಾಡಿಸಿದವರು ಕಳ್ಳರಲ್ಲ. ಒಂದು ಕಡೆ 'ಲಿಂಕ್ ಒತ್ತಬೇಡಿ' ಎಂದು ಗೋಡೆಗೆ ಚೀಟಿ ಅಂಟಿಸಿ, ಇನ್ನೊಂದು ಕಡೆ ಸಾಲಕ್ಕೆ, ವಿಮೆಗೆ, ಅಭಿಪ್ರಾಯ ಕೇಳುವುದಕ್ಕೆ ತಾವೇ ಲಿಂಕ್ ಕಳಿಸಿದ ಸಂಸ್ಥೆಗಳನ್ನು ನಾನು ಕಂಡಿದ್ದೇನೆ. ಮಗುವಿಗೆ ಬೆಂಕಿ ಮುಟ್ಟಬೇಡ ಎಂದು ಹೇಳಿ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟ ಹಾಗೆ.

ಭಾಷೆಯದ್ದೂ ಒಂದು ಮಾತಿದೆ. ಕೆಲವು ವರ್ಷಗಳ ಹಿಂದಿನವರೆಗೆ ಇಂಥ ಕರೆಗಳು ಬರುತ್ತಿದ್ದದ್ದು ಹೆಚ್ಚಾಗಿ ಹಿಂದಿಯಲ್ಲಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದಿ ಬಾರದಿದ್ದುದೇ ದೊಡ್ಡ ಕಾವಲು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ, ಮರಾಠಿ, ಶಾಲೆಯಲ್ಲಿ ಕನ್ನಡ. ಆ ಕಡೆಯವನು "ಆಪ್ ಕಾ ಕಾರ್ಡ್" ಎಂದು ಶುರುಮಾಡಿದರೆ ನಮ್ಮ ನೆರೆಯ ಅಜ್ಜಿಯೊಬ್ಬರು ತುಳುವಿನಲ್ಲೇ ಹೊಲದ ಕೆಲಸದ ಸುದ್ದಿ ಹೇಳತೊಡಗುತ್ತಿದ್ದರು. ಐದು ನಿಮಿಷದಲ್ಲಿ ಅವನೇ ಫೋನು ಇಡುತ್ತಿದ್ದ. ಈಗ ಕರೆ ಕನ್ನಡದಲ್ಲೂ ಬರುತ್ತದೆ. ಆದರೆ ಬ್ಯಾಂಕಿನ ಎಚ್ಚರಿಕೆ ಮಾತ್ರ ಎಷ್ಟೋ ಸಲ ಇಂಗ್ಲಿಷಿನಲ್ಲಿ. ಕಳ್ಳ ನಮ್ಮ ಮಾತಿನಲ್ಲಿ ಮಾತಾಡುತ್ತಾನೆ, ಕಾವಲುಗಾರ ಪರಭಾಷೆಯಲ್ಲಿ ಕೂಗುತ್ತಾನೆ. ಯಾರ ಮಾತು ಕಿವಿಗೆ ಬೀಳುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬರೆಯುವುದಕ್ಕೆ ನಿಜವಾದ ಕಾರಣ ಒಬ್ಬ ಟೀಚರ್. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಲಿಸಿ ನಿವೃತ್ತರಾದವರು. ನಮ್ಮ ಮನೆಯ ಮಕ್ಕಳೂ ಅವರ ಕೈಯಲ್ಲಿ ಅಕ್ಷರ ತಿದ್ದಿದವರೇ. ಮಗ ಗಲ್ಫಿನಲ್ಲಿ. ಯಜಮಾನರಿಗೆ ಕಾಲು ಸ್ವಾಧೀನವಿಲ್ಲ. ಮನೆಯ ವ್ಯವಹಾರವೆಲ್ಲ ಟೀಚರದ್ದೇ. ಒಂದು ನವೆಂಬರಿನಲ್ಲಿ ಅವರಿಗೆ ಕರೆ ಬಂತು. "ನಮಸ್ಕಾರ ಟೀಚರ್, ನಿಮ್ಮ ಜೀವನ ಪ್ರಮಾಣ ಪತ್ರ ಇನ್ನೂ ಬಂದಿಲ್ಲ" ಎಂದ ಆ ಕಡೆಯವನು. ಹೆಸರು ಗೊತ್ತಿತ್ತು ಅವನಿಗೆ, ನಿವೃತ್ತಿಯಾದ ವರ್ಷ ಗೊತ್ತಿತ್ತು. ನೀವು ಕಚೇರಿಗೆ ಬಂದು ಸಾಲಿನಲ್ಲಿ ನಿಲ್ಲುವುದು ಬೇಡ, ನಾನೇ ಮಾಡಿಕೊಡುತ್ತೇನೆ ಎಂದ. ಒಂದು ಲಿಂಕ್ ಬಂತು. ಒತ್ತಿದರೆ ಸರಕಾರಿ ಲಾಂಛನವಿದ್ದ ಪುಟ. ಖಾತೆ ಸಂಖ್ಯೆ, ಕಾರ್ಡಿನ ಸಂಖ್ಯೆ ತುಂಬಿದರು. ಆಮೇಲೆ ಫೋನಿಗೆ ಆರು ಅಂಕೆಗಳ ಒಟಿಪಿ ಬಂತು. ಅದನ್ನೂ ತುಂಬಿದರು. ಅರವತ್ತೆರಡು ಸಾವಿರ ರೂಪಾಯಿ ಹೋಯಿತು.

ಆ ಒಟಿಪಿಯ ಸಂದೇಶದಲ್ಲೇ 'ಇದನ್ನು ಯಾರಿಗೂ ಕೊಡಬೇಡಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಟೀಚರಿಗೆ ಇಂಗ್ಲಿಷ್ ಬರುತ್ತದೆ. ಆದರೆ ನಾವೆಲ್ಲ ಆ ಸಂದೇಶವನ್ನು ಓದುವುದು ಹೇಗೆ ಎಂದು ನೆನಪಿಸಿಕೊಳ್ಳಿ. ಅಂಕೆಗಳನ್ನು ಹುಡುಕುತ್ತೇವೆ, ಅದು ಮಾಯವಾಗುವ ಮೊದಲು ತುಂಬುತ್ತೇವೆ, ಅಷ್ಟೇ. ಉಳಿದ ಅಕ್ಷರಗಳು ಬಸ್ಸಿನಲ್ಲಿ 'ತಲೆ ಹೊರಗೆ ಹಾಕಬಾರದು' ಎಂದು ಬರೆದಿರುವ ಹಾಗೆ. ಕಣ್ಣಿಗೆ ಬೀಳುತ್ತವೆ, ಮನಸ್ಸಿಗೆ ಬೀಳುವುದಿಲ್ಲ.

ಹಣ ಹೋದದ್ದಕ್ಕಿಂತ ಆಮೇಲೆ ನಡೆದದ್ದು ಮುಖ್ಯ. ಟೀಚರ್ ಯಾರಿಗೂ ಹೇಳಲಿಲ್ಲ. ಯಜಮಾನರಿಗೆ ಹೇಳಲಿಲ್ಲ, ಮಗನಿಗೆ ಹೇಳಲಿಲ್ಲ, ಬ್ಯಾಂಕಿಗೂ ಹೋಗಲಿಲ್ಲ. ನಾಲ್ಕು ತಿಂಗಳ ಮೇಲೆ, ಅಡಿಕೆ ಸುಲಿದವರಿಗೆ ಕೊಡಲು ಸ್ವಲ್ಪ ಹಣ ಬೇಕಿತ್ತು ಎಂದು ನಮ್ಮಲ್ಲಿ ಕೇಳಲು ಬಂದರು. ಮೂವತ್ತು ವರ್ಷಗಳಲ್ಲಿ ಒಂದು ಕಪ್ಪು ಸಕ್ಕರೆಯನ್ನೂ ಕಡ ಕೇಳದವರು. ನನ್ನ ಹೆಂಡತಿ, "ಎಂತ ಆಯಿತು ಟೀಚರ್?" ಎಂದು ಕೇಳಿದ್ದಕ್ಕೆ ಅಲ್ಲೇ ಮೆಟ್ಟಿಲಲ್ಲಿ ಕುಳಿತು ಎಲ್ಲ ಹೇಳಿದರು.

"ಆ ದಿನವೇ ಹೇಳಿದ್ದರೆ ಏನಾದರೂ ಮಾಡಬಹುದಿತ್ತಲ್ಲ" ಎಂದೆ.

"ಏನೆಂದು ಹೇಳುವುದು ಮಾರಾಯ್ರೆ? ಊರಿನ ಮಕ್ಕಳಿಗೆಲ್ಲ ಓದಲು ಕಲಿಸಿದವಳು ನಾನು. ನನಗೇ ಓದಲು ಬರಲಿಲ್ಲ ಎಂದು ಹೇಳುವುದಾ? ಮಗ ಬೈಯುವುದಿಲ್ಲ. ಆದರೆ ಇನ್ನು ಅಮ್ಮನ ಕೈಗೆ ಫೋನು ಕೊಡಬೇಡಿ ಎಂದು ಹೇಳಿಯಾನು. ಅದಕ್ಕಿಂತ ಹಣ ಹೋಗಲಿ ಎಂದು ಸುಮ್ಮನಾದೆ."

ಆ ಮಾತು ಈಗಲೂ ನನ್ನನ್ನು ಕೊರೆಯುತ್ತದೆ. ಅರವತ್ತೆರಡು ಸಾವಿರ ಕದ್ದವನು ಒಬ್ಬ. ಅದನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ಕದ್ದದ್ದು ನಾವು. ಚಾದಂಗಡಿಯಲ್ಲಿ ನಕ್ಕೆವಲ್ಲ, ಆ ನಗೆ. ಪೇಪರಿನಲ್ಲಿ ಇಂಥ ಸುದ್ದಿ ಓದಿ "ಇಷ್ಟು ಓದಿದವರಿಗೂ ಬುದ್ಧಿ ಇಲ್ಲವೇ" ಎನ್ನುತ್ತೇವಲ್ಲ, ಆ ಮಾತು. ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡವರು ನಾಳೆ ತಮಗೇ ಹಾಗಾದಾಗ ಬಾಯಿ ಬಿಡುವುದಿಲ್ಲ.

ಬಾಯಿ ಬಿಡಬೇಕಾದ್ದು ಯಾಕೆಂದರೆ ಇಲ್ಲಿ ಎಲ್ಲವೂ ಗಂಟೆಗಳ ಲೆಕ್ಕ. ಕದ್ದ ಹಣ ಕಳ್ಳನ ಕೈಗೆ ನೇರವಾಗಿ ಹೋಗುವುದಿಲ್ಲ. ಬಾಡಿಗೆಗೆ ಪಡೆದ ಯಾರದೋ ಖಾತೆಗೆ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗಿ ಎಲ್ಲೋ ನಗದಾಗುತ್ತದೆ. ಅದಕ್ಕೆ ಮೊದಲು ಹಿಡಿದರೆ ಉಂಟು. 2021ರಲ್ಲಿ ಕೇಂದ್ರ ಗೃಹ ಸಚಿವಾಲಯ ಇದಕ್ಕೆಂದೇ ಒಂದು ಸಹಾಯವಾಣಿ ತೆರೆಯಿತು. ಅದರ ಸಂಖ್ಯೆ ಈಗ 1930. ಅಲ್ಲಿಗೆ ದೂರು ಹೋದ ಕೂಡಲೇ ಹಣ ಯಾವ ಬ್ಯಾಂಕಿಗೆ ಹೋಗಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ತಡೆಹಿಡಿಯುತ್ತಾರೆ. ಮುಂದೆ ದಾಟಿದ್ದರೆ ಮುಂದಿನ ಬ್ಯಾಂಕಿಗೆ ತಿಳಿಸುತ್ತಾರೆ. ನಾಲ್ಕು ತಿಂಗಳ ಮೇಲೆ ಹಿಂಬಾಲಿಸಲು ಏನು ಉಳಿದಿರುತ್ತದೆ?

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯೂ ದಿನಗಳ ಲೆಕ್ಕವನ್ನೇ ಹೇಳಿತು. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ಹೊರೆ ಇಲ್ಲ. ಗುಪ್ತ ಸಂಖ್ಯೆಯನ್ನು ಗ್ರಾಹಕನೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅಂದರೆ ತಾನೇ ಕೊಟ್ಟವನಿಗೂ ಬೇಗ ಹೇಳಿದರೆ ಮುಂದಿನದ್ದಾದರೂ ಉಳಿಯುತ್ತಿತ್ತು.

ಎಲ್ಲದಕ್ಕೂ ಗ್ರಾಹಕನೇ ಹೊಣೆ ಎನ್ನುವವರಿಗೆ ನಮ್ಮ ಜಿಲ್ಲೆಯದೇ ಒಂದು ಉತ್ತರವಿದೆ. 2023ರಲ್ಲಿ ಮಂಗಳೂರಿನ ಕಡೆ ಕೆಲವರ ಖಾತೆಯಿಂದ ಹಣ ಹೋಯಿತು. ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಒಟಿಪಿ ಕೊಟ್ಟಿರಲಿಲ್ಲ. ಆಸ್ತಿ ನೋಂದಣಿಯ ಪತ್ರದಲ್ಲಿ ಒತ್ತಿದ ಹೆಬ್ಬೆಟ್ಟಿನ ಗುರುತನ್ನು ಕದ್ದು, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಬಳಸಿದ್ದರು. ಹೆಬ್ಬೆಟ್ಟನ್ನು ಪಾಸ್‌ವರ್ಡಿನಂತೆ ಬದಲಾಯಿಸಿಕೊಳ್ಳಲು ಬರುತ್ತದೆಯೇ? ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ ಎಂಬುದು ಎಷ್ಟೋ ಮಂದಿಗೆ ಗೊತ್ತಾದದ್ದೇ ಆಗ.

ಆ ಕಡೆ ಮಾತಾಡುವವನು ಯಾರು ಎಂದೂ ಯೋಚಿಸಿದ್ದುಂಟು. ಬಹಳ ಕಾಲ ಈ ದಂಧೆಗೆ ಹೆಸರಾಗಿದ್ದದ್ದು ಜಾರ್ಖಂಡಿನ ಜಾಮ್ತಾಡ ಜಿಲ್ಲೆ. ಅದೇ ಜಿಲ್ಲೆಯ ಕರ್ಮಾಟಾಡದಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ತಮ್ಮ ಕೊನೆಯ ವರ್ಷಗಳ ಬಹುಪಾಲನ್ನು ಕಳೆದರು. ಅಲ್ಲಿನ ರೈಲು ನಿಲ್ದಾಣಕ್ಕೆ ವಿದ್ಯಾಸಾಗರ ಎಂದೇ ಹೆಸರು. ನಮ್ಮ ಕಬಕ ಪುತ್ತೂರು ನಿಲ್ದಾಣದ ಹೆಸರಿನಲ್ಲಿ ಕಬಕ ಇದೆ, ನಿಲ್ದಾಣ ಇರುವುದು ಪುತ್ತೂರಿನಲ್ಲಿ. ಇಳಿದವನಿಗೆ ಕಬಕಕ್ಕೆ ಬರಲು ಬಸ್ಸೋ ರಿಕ್ಷಾವೋ ಬೇಕು. ಫಲಕ ನೋಡಿ ಊರನ್ನು ತೀರ್ಮಾನಿಸಬಾರದು ಎಂಬುದಕ್ಕೆ ಎರಡೂ ಒಳ್ಳೆಯ ಉದಾಹರಣೆ. ಇತ್ತೀಚೆಗೆ ಈ ದಂಧೆ ದೇಶ ದಾಟಿದೆ. ಕಾಂಬೋಡಿಯ, ಮ್ಯಾನ್ಮಾರ್ ಕಡೆಗಳಲ್ಲಿ ಕೆಲಸ ಕೊಡಿಸುವುದಾಗಿ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿಯೊಳಗೆ ಕೂರಿಸಿ ಮೋಸದ ಕರೆ ಮಾಡಿಸುತ್ತಿದ್ದ ಭಾರತೀಯ ಹುಡುಗರನ್ನು ಸರಕಾರ 2024, 2025ರಲ್ಲಿ ಬಿಡಿಸಿ ತರಬೇಕಾಯಿತು. ಹೊರದೇಶದ ಕೆಲಸ ಎಂದರೆ ಕಣ್ಣರಳುವ ನಮ್ಮ ಜಿಲ್ಲೆಯವರು ಇದನ್ನು ಗಮನಿಸಬೇಕು. ಗಾಳದ ತುದಿಯಲ್ಲಿ ಎರೆಯಾಗಿರುವವನೂ ಒಮ್ಮೆ ಮೀನಾಗಿದ್ದವನೇ ಇರಬಹುದು.

ಹೆದರಿಸುವುದಂತೂ ಈಗ ಇನ್ನೂ ಮುಂದಕ್ಕೆ ಹೋಗಿದೆ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊದಲ್ಲಿ ಕಾಣಿಸಿಕೊಂಡು, ನಿಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಿದ್ದೇವೆ, ಫೋನು ಇಡಬೇಡಿ, ಮನೆಯವರಿಗೂ ಹೇಳಬೇಡಿ ಎನ್ನುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೊ ಭಾಷಣದಲ್ಲಿ ಈ ಮಾತು ಹೇಳಬೇಕಾಯಿತು. 2025ರಲ್ಲಿ ಹರಿಯಾಣದ ಅಂಬಾಲದ ವೃದ್ಧ ದಂಪತಿಗೆ ಸುಪ್ರೀಂ ಕೋರ್ಟಿನದೇ ಖೋಟಾ ಆದೇಶ ತೋರಿಸಿ ಹಣ ಕಿತ್ತ ಪ್ರಕರಣವನ್ನು ಆ ನ್ಯಾಯಾಲಯ ತಾನಾಗಿಯೇ ಕೈಗೆತ್ತಿಕೊಂಡಿತು. ಈ ಮೋಸದಲ್ಲಿ ಗಮನಿಸಬೇಕಾದ ಮಾತು 'ಮನೆಯವರಿಗೂ ಹೇಳಬೇಡಿ' ಎಂಬುದು. ಇನ್ನೊಬ್ಬ ಮನುಷ್ಯ ಬಂದು ಪಕ್ಕದಲ್ಲಿ ನಿಂತರೆ ತನ್ನ ಆಟ ಮುಗಿಯಿತು ಎಂದು ಕಳ್ಳನಿಗೆ ಗೊತ್ತು. ನಮಗೂ ಅದು ಗೊತ್ತಿದ್ದರೆ ಸಾಕು.

ನಮ್ಮ ಕಡೆಯವರ ಒಂದು ಅಭ್ಯಾಸವನ್ನು ಹೊರಗಿನವರು ಹಾಸ್ಯ ಮಾಡುತ್ತಾರೆ. ಏನು ಕೇಳಿದರೂ 'ನಾಳೆ ನೋಡುವ' ಎನ್ನುತ್ತೇವೆ. ಹೌದು ಎನ್ನಲೂ ಅದೇ, ಅಲ್ಲ ಎನ್ನಲೂ ಅದೇ. ಈ ಎರಡು ಪದಗಳಷ್ಟು ಗಟ್ಟಿ ಬೀಗ ಬೇರೆ ಇಲ್ಲ ಎಂದು ನನಗೆ ಈಗ ಅನಿಸುತ್ತದೆ. ಮೋಸದ ಕರೆಗಳೆಲ್ಲ ಬೇರೆ ಬೇರೆ ವೇಷದವು, ಅವಸರ ಒಂದೇ. ಇಂದು ರಾತ್ರಿ, ಇನ್ನರ್ಧ ಗಂಟೆ, ಈಗಲೇ. ನಿಜವಾದ ಬ್ಯಾಂಕು ನಾಳೆಯೂ ಅಲ್ಲೇ ಇರುತ್ತದೆ. ಖಜಾನೆಯೂ ಇರುತ್ತದೆ. ಕರೆಂಟಿನ ಬಿಲ್ಲಂತೂ ಖಂಡಿತ ಇರುತ್ತದೆ.

ಟೀಚರಿನ ಕಥೆ ಕೇಳಿದ ಮೇಲೆ ನಮ್ಮ ಮನೆಯಲ್ಲಿ ನಾವು ಕೆಲವು ಮಾತು ಮಾಡಿಕೊಂಡಿದ್ದೇವೆ. ಹಣ ಕೊಡುವಾಗ ಮಾತ್ರ ಗುಪ್ತ ಸಂಖ್ಯೆ ಒತ್ತುವುದು. ಹಣ ಬರುವುದಕ್ಕೆ ಅದು ಬೇಡ, ಕೇಳಿದರೆ ಕಳ್ಳ. ಬ್ಯಾಂಕಿನ ಕೆಲಸಕ್ಕೆ ಬಂದ ಲಿಂಕನ್ನು ಒತ್ತದೆ, ಪಾಸ್‌ಪುಸ್ತಕದ ಮೇಲಿರುವ ಸಂಖ್ಯೆಗೆ ನಾವೇ ಫೋನು ಮಾಡುವುದು. ಬ್ಯಾಂಕುಗಳ ತಾಣದ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವಂತೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು; ಅಡಿಕೆಯನ್ನು ಕತ್ತರಿಸಿ ನೋಡುವ ಹಾಗೆ ವಿಳಾಸದ ಆ ಬಾಲವನ್ನು ನೋಡುವುದು. ದೊಡ್ಡ ಹಣದ ಖಾತೆಯನ್ನು ಫೋನಿಗೆ ಜೋಡಿಸದಿರುವುದು; ಪೇಟೆಯ ಖರ್ಚಿನಷ್ಟು ಮಾತ್ರ ಇರುವ ಬೇರೆ ಖಾತೆಯನ್ನು ಜೋಡಿಸುವುದು. ಸಂಶಯ ಬಂದರೆ ಮನೆಯ ಯಾರಿಗಾದರೂ, ಅವರು ಇಲ್ಲದಿದ್ದರೆ ನೆರೆಯವರಿಗೆ, ಗಟ್ಟಿಯಾಗಿ ಓದಿ ಹೇಳುವುದು.

ಇವೆಲ್ಲ ಮಾಡಿಯೂ ಒಂದು ದಿನ ನಮ್ಮಲ್ಲಿ ಯಾರಾದರೂ ಸಿಕ್ಕಿಬೀಳಬಹುದು. ಮನುಷ್ಯನಿಗೆ ಜ್ವರವಿರುತ್ತದೆ, ನಿದ್ದೆಗಣ್ಣಿರುತ್ತದೆ, ಮಗು ಅಳುತ್ತಿರುತ್ತದೆ. ಅದಕ್ಕೇ ಕೊನೆಯದಾಗಿ ಇನ್ನೊಂದು ಮಾತು ಮಾಡಿಕೊಂಡೆವು. ಯಾರೇ ಕಳಕೊಂಡರೂ ಮೊದಲು 1930ಕ್ಕೆ ಫೋನು, ಆಮೇಲೆ ಬ್ಯಾಂಕಿಗೆ, ಪೊಲೀಸ್ ಠಾಣೆಗೆ. ಅಷ್ಟು ಆಗುವವರೆಗೆ 'ಯಾಕೆ ಮಾಡಿದ್ದು' ಎಂದು ಯಾರೂ ಕೇಳಕೂಡದು. ಕೇಳಲೇಬೇಕೆಂದು ತೋರಿದರೆ, ನಾಳೆ ಕೇಳುವ.

ಇದನ್ನು ಬರೆಯುತ್ತೇನೆ ಎಂದಾಗ ಟೀಚರ್ ಸ್ವಲ್ಪ ಹೊತ್ತು ಯೋಚಿಸಿದರು. "ಹೆಸರು ಹಾಕಬೇಡಿ" ಎಂದರು. ಮತ್ತೆ, "ಮೊತ್ತ ಹಾಕಿ. ಸಣ್ಣ ಮೊತ್ತ ಎಂದು ಯಾರೂ ಸುಮ್ಮನಿರಬಾರದು" ಎಂದರು. ಅಷ್ಟರಲ್ಲಿ ಅವರ ಫೋನು ಗಂಟೆ ಬಾರಿಸಿತು. ಸಂಖ್ಯೆ ನೋಡಿದರು, ಗುರುತಿಲ್ಲದ್ದು. ಕತ್ತರಿಸಲಿಲ್ಲ. ನಮ್ಮಿಬ್ಬರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ ನಡುವೆ ಇಟ್ಟು, ಹಳೆಯ ತರಗತ್ತಿಯ ದನಿಯಲ್ಲಿ, "ಹೇಳಿ, ಯಾರು?" ಎಂದು ಕೇಳಿದರು.